ಬೆಳಗಿನ ಅರ್ಧ ಚಂದ್ರ

ಬಿಳಿಚೋಡು,
ಹುಣ್ಣಿಮೆಯ ಮರುದಿನ

ಪ್ರೀತಿಯ ಅಪ್ಪನಿಗೆ,

ನಿನಗೆ ಓದು ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾಳೆ ಕುರಿ ಹೊಡೆದುಕೊಂಡು ಊರು ದಾಟಿದ ಮೇಲೆ, ಮಂದೆಯಲ್ಲಿ ನಿನ್ನ ಜೊತೆಗಿರುವ ಪಾಲಣ್ಣ ಮಾಮ ಇದನ್ನು ಓದಿ ಹೇಳಲಿ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ಅಳು ಬರುತ್ತದೆ, ನೀನು "ಬಿಡವ್ವ" ಎಂದು ಎದ್ದು ಹೋಗುತ್ತೀಯ.

ಅಪ್ಪ, ನನಗೆ ಭಯ. ಕಳೆದ ಸಲ ನೀನು ಹೊನ್ನಾಳಿ ಕಡೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಹೊರಟದ್ದು ಅಮಾವಾಸ್ಯೆಯ ಮರುದಿನ. ಯಾವಾಗ ಬರುತ್ತೀಯ ಎಂದರೆ "ಅರ್ಧ ಚಂದ್ರ ನೆತ್ತಿಮ್ಯಾಗೆ ನಿಂತಾಗ" ಎಂದೆ. ನೀನು ಎಂದಾದರೂ ತಾರೀಖು ಹೇಳಿದವನೇ? ನಾನು ಬೆರಳು ಮಡಚಿ ಎಣಿಸಿದೆ. ಅಮಾವಾಸ್ಯೆಯಿಂದ ಅರ್ಧ ಚಂದ್ರಕ್ಕೆ ಎಂಟು ದಿನ. ಮೂರ್ಛೆ ರೋಗದ ಮಾತ್ರೆ ದಿನಕ್ಕೆರಡು. ಇರಲಿ ಎಂದು ಹತ್ತು ದಿನಕ್ಕೆ ಇಪ್ಪತ್ತು ಮಾತ್ರೆ ಕಟ್ಟಿ ನಿನ್ನ ಚೀಲಕ್ಕೆ ಹಾಕಿದೆ. ಜಾಣೆ ಎಂದುಕೊಂಡೆ.

ಎಂಟನೆಯ ಸಂಜೆ ಶಾಲೆ ಬಿಟ್ಟು ಬಂದಾಗ ಅರ್ಧ ಚಂದ್ರ ಸರಿಯಾಗಿ ನೆತ್ತಿಯ ಮೇಲಿದ್ದ. ಅಂಗಳದಲ್ಲಿ ನೀನಿರಲಿಲ್ಲ. ಫೋನು ಸ್ವಿಚ್ ಆಫ್. ಒಂಬತ್ತು, ಹತ್ತು. ಹನ್ನೊಂದನೆಯ ದಿನ ಮಾತ್ರೆ ಮುಗಿದಿರುತ್ತವೆಂದು ನೆನೆದು ಅವ್ವನ ಹತ್ತಿರ ಓಡಿದೆ. ಅವ್ವ ಮಾತ್ರ ನಿಶ್ಚಿಂತೆಯಿಂದ ಕಾಳು ಕೇರುತ್ತಿದ್ದಳು. ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಸಂಜಿಮುಂದೆ ನಿಮ್ಮಪ್ಪಗೆ ಕುರಿ ಎಣಿಸಿ ರೊಪ್ಪಕ್ಕೆ ಕೂಡೋದೇ ಆಗ್ತತೆ. ಆಕಾಶ ನೋಡಾಕೆ ಪುರುಸೊತ್ತು ಎಲ್ಲೈತೆ? ಕುರಿಯೋರ ಅರ್ಧ ಚಂದ್ರ ಬೆಳಗಿಂದು ಕಣೇ. ಹುಣ್ಣಿಮೆ ಕಳೆದ ಮ್ಯಾಲಿಂದು."

ಅಂದರೆ ಇಪ್ಪತ್ತೆರಡು, ಇಪ್ಪತ್ಮೂರು ದಿನ! ಅಪ್ಪ, ನಾನು ಜಗಳೂರಿನಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನದ ಟೀಚರು. ಚೆಂಡು, ಟಾರ್ಚು ಹಿಡಿದು ಚಂದ್ರ ಹೇಗೆ ಬೆಳೆಯುತ್ತಾನೆ, ಹೇಗೆ ಕರಗುತ್ತಾನೆ ಎಂದು ವರ್ಷಾವರ್ಷ ಪಾಠ ಮಾಡುತ್ತೇನೆ. ತಿಂಗಳಿಗೆ ಎರಡು ಅರ್ಧ ಚಂದ್ರ ಎಂದು ಬೋರ್ಡಿನ ಮೇಲೆ ಬರೆದವಳೇ ನಾನು. ನನ್ನಪ್ಪನ ಚಂದ್ರ ಯಾವುದೆಂದು ಮಾತ್ರ ಕೇಳಲಿಲ್ಲ.

ಹನ್ನೆರಡನೆಯ ಬೆಳಗ್ಗೆ ಮಾತ್ರೆ ಹಿಡಿದು ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ಕಂಡಕಂಡವರನ್ನು ಕೇಳಿದೆ. ನ್ಯಾಮತಿ ರಸ್ತೆಯಲ್ಲಿ ಮಂದೆ ನೋಡಿದೆವೆಂದರು. ದಾರಿಯುದ್ದಕ್ಕೂ ಕಾಲುವೆ. ಆ ನೀರಿನಲ್ಲಿ ಏನು ತೇಲಿದರೂ ಅದು ನಿನ್ನ ಕಂಬಳಿಯೇ ಎನಿಸುತ್ತಿತ್ತು. ದೇವರೇ, ಅಪ್ಪನನ್ನು ಉಳಿಸು, ಇನ್ನೇನೂ ಕೇಳಲ್ಲ ಎಂದು ಆಟೋದಲ್ಲಿ ಬಾಯಿಬಿಟ್ಟೇ ಅಂದೆ.

ಹುಣಸೆಮರದ ಕೆಳಗೆ ನೀನು ಮಲಗಿದ್ದೆ. ನಾಲಿಗೆ ಕಚ್ಚಿಕೊಂಡು ತುಟಿಯಲ್ಲಿ ರಕ್ತ ಒಣಗಿತ್ತು. ಹಿಂದಿನ ದಿನ ಕಾಲುವೆಯ ಏರಿಯ ಮೇಲೆ ಬಿದ್ದು ಒದ್ದಾಡುತ್ತಿದ್ದವನನ್ನು ಪಾಲಣ್ಣ ಮಾಮ ಕಾಲು ಹಿಡಿದು ಈಚೆಗೆ ಎಳೆದಿದ್ದನಂತೆ. ಚೀಲ ತೆರೆದರೆ ಮಾತ್ರೆ ಇನ್ನೂ ಮಿಕ್ಕಿದ್ದವು. ಎಲ್ಲವನ್ನೂ ನೀನು ಎರಡೆರಡು ಹೋಳು ಮಾಡಿದ್ದೆ.

"ಬೆಳಗಿನ ಚಂದ್ರನ ತನಕ ಇಷ್ಟೇ ಕೊಟ್ಟೀಯಲ್ಲ, ಡಾಕ್ಟ್ರು ಅರ್ಧ ಮಾಡ್ಯಾರೆ ಅಂದ್ಕಂಡೆ. ನೀನು ಓದಿದಾಕಿ, ನಿನ್ನ ಲೆಕ್ಕ ತಪ್ಪಾಕಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ನಂಬಿಕೆಯನ್ನು ಇವತ್ತಿಗೂ ತಡೆದುಕೊಳ್ಳಲು ಆಗುತ್ತಿಲ್ಲ. ತಿಂಗಳ ಮೇಲಾಯಿತು. ಕ್ಲಾಸಿನಲ್ಲಿ ಯಾರ ಫೋನು ಸದ್ದಾದರೂ ಸೀಮೆಸುಣ್ಣ ಕೈಜಾರುತ್ತದೆ. ಹೋಗಬೇಡ ಎಂದು ಅವ್ವನೂ ನಾನೂ ಗೋಗರೆದೆವು. ಕುರಿಗೆ ಮೇವು ಬೇಡವೇ ಎಂದೆ ನೀನು. ಹಟಮಾರಿ ನೀನು.

ಅದಕ್ಕೇ ಈ ಸಲ ಮೂವತ್ತು ಪೊಟ್ಟಣ ಕಟ್ಟಿದ್ದೇನೆ. ಒಂದೊಂದರಲ್ಲೂ ಎರಡು ಇಡೀ ಮಾತ್ರೆ. ಮೇಲೆ ಆಯಾ ದಿನದ ಚಂದ್ರನನ್ನು ಬರೆದಿದ್ದೇನೆ. ಆಕಾಶದಲ್ಲಿ ಕಂಡದ್ದಕ್ಕೆ ಹೊಂದಿಸಿ ಬಿಚ್ಚು. ಎರಡು ಅರ್ಧ ಚಂದ್ರ ಇವೆ. ಬೆಳಗಿನದರ ಪಕ್ಕ ಕುರಿ, ಸಂಜೆಯದರ ಪಕ್ಕ ದೀಪ ಬರೆದಿದ್ದೇನೆ. ಬರುವುದು ಯಾವುದಕ್ಕೆ ಎಂದು ಇವತ್ತು ಊಟಕ್ಕೆ ಕೂತಾಗ ನೀನೇ ಬೆರಳಿಟ್ಟು ತೋರಿಸಿದೆ. ದೀಪದ್ದು. ಹುಣ್ಣಿಮೆ ಕಳೆದು ಹೊರಡುವುದರಿಂದ ಈ ಸಲ ಬೆಳಗಿನದು ವಾರದೊಳಗೇ ಬಂದುಬಿಡುತ್ತದೆ. ಪಾಲಣ್ಣ ಮಾಮ, ಇದನ್ನು ಎರಡು ಸಲ ಓದು.

ಇನ್ನೊಂದು ಮಾತು ಅಪ್ಪ. ಒಂದು ಪೊಟ್ಟಣದ ಮೇಲೆ ನಾನು ಏನೂ ಬರೆದಿಲ್ಲ. ಅದು ಅಮಾವಾಸ್ಯೆಯದು. ಅವತ್ತು ಮೇಲೆ ನೋಡಿದರೆ ಏನೂ ಕಾಣುವುದಿಲ್ಲ, ಬರೀ ಕಾಗದ ಎಂದು ಎಸೆಯಬೇಡ. ಅದರಲ್ಲೂ ಎರಡು ಮಾತ್ರೆ ಇವೆ.

ನೀನು ಹೋದಲ್ಲೆಲ್ಲ ನೆಲ ಗಟ್ಟಿಯಾಗಿರಲಿ, ನೀರು ದೂರವಿರಲಿ.

ಲೆಕ್ಕ ತಪ್ಪಿದ ನಿನ್ನ ಮಗಳು,
ಚೈತ್ರಾ