ಶಾಲು ಅಮ್ಮನ ಹತ್ತಿರವೇ ಇರಲಿ

ಮಕ್ಕಳ ಕ್ಷೇಮದ ಹೊಣೆ ಹೊತ್ತಿರುವ ಅಧಿಕಾರಿಗಳೇ,

ಮಾನ್ಯರೇ, ಹೋದ ತಿಂಗಳು ಮಹಿಳಾ ದಿನದಂದು ರಾಯದುರ್ಗದ ಕಲ್ಯಾಣಮಂಟಪದಲ್ಲಿ ನೀವು ನನ್ನ ಅಮ್ಮನಿಗೆ ‘ಆದರ್ಶ ತಾಯಿ’ ಎಂದು ಶಾಲು ಹೊದಿಸಿದಿರಿ. ಕಾಯಿಲೆಯ ಮಗಳನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಾಯಿ ಎಂದು ಮೈಕಿನಲ್ಲಿ ಹೊಗಳಿದಿರಿ. ಆ ಶಾಲನ್ನು ವಾಪಸ್ ಪಡೆಯಿರಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಶಾಲು ಚೆನ್ನಾಗಿದೆ, ಅಮ್ಮನ ಹತ್ತಿರವೇ ಇರಲಿ. ಎಂಟು ವರ್ಷದ ನನ್ನ ತಂಗಿಯನ್ನು ಮಾತ್ರ ಸ್ವಲ್ಪ ದಿನ ಅಮ್ಮನ ಹತ್ತಿರ ಬಿಡಬೇಡಿ. ಅವಳನ್ನು ಕಾಯಿಲೆ ಬೀಳಿಸುತ್ತಿರುವುದು ಅಮ್ಮನೇ. ಬರುವ ಸೋಮವಾರ ದೊಡ್ಡ ಆಸ್ಪತ್ರೆಯಲ್ಲಿ ಅವಳ ಹೊಟ್ಟೆ ಕೊಯ್ದು ನೋಡುತ್ತಾರೆ. ಅದರ ಖರ್ಚಿನ ಶಿಫಾರಸಿಗೆ ಸಹಿ ಹಾಕಿದವರು ನೀವೇ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿರುವುದರಿಂದ ತಂಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಗುರುತು ಬಹಿರಂಗ ಮಾಡಬಾರದು ಎಂದು ನಿಮ್ಮ ಕಚೇರಿಯ ಗೋಡೆಯ ಮೇಲೇ ಬರೆಸಿದ್ದೀರಿ. ಮಹಿಳಾ ದಿನದಂದು ಅವಳ ಹೆಸರು, ತರಗತಿ, ಓಣಿ, ಕಾಯಿಲೆ ಎಲ್ಲವನ್ನೂ ನೀವೇ ಮೈಕಿನಲ್ಲಿ ಓದಿ ಹೇಳಿದ್ದರಿಂದ ಅವಳು ಯಾರೆಂದು ತಿಳಿಯಲು ನಿಮಗೆ ಕಷ್ಟವಾಗಲಾರದು.

ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ಹಾಸ್ಟೆಲಿನಲ್ಲಿ ಓದಿದವಳಿಗೆ ದೂರು ಬರೆಯಲು ಅದೇ ಸಲೀಸು. ಓದಿ ನೋಡಿದರೆ ಯಾರದೋ ಅಮ್ಮನ ಬಗ್ಗೆ ಬರೆದ ಹಾಗಿತ್ತು. ಅದನ್ನು ಹರಿದು ಹಾಕಿ ಕನ್ನಡದಲ್ಲಿ ಶುರು ಮಾಡಿದೆ. ಮೊದಲ ಸಾಲಿನಲ್ಲೇ ಅವಳು ನನ್ನ ಅಮ್ಮನಾದಳು, ಇದೇ ಸರಿ ಅನ್ನಿಸಿತು. ನಾನು ಡಿಗ್ರಿ ಮೊದಲನೆಯ ವರ್ಷದಲ್ಲಿದ್ದೇನೆ. ಮಕ್ಕಳಿಗೆ ಇಲ್ಲದ ಕಾಯಿಲೆ ಕಟ್ಟುವ, ಕಟ್ಟಿದ್ದು ಸಾಲದಿದ್ದರೆ ಬರಿಸುವ ತಂದೆತಾಯಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ ಎಂದು ನಮ್ಮ ಸೈಕಾಲಜಿ ಮೇಡಂ ಪಾಠ ಮಾಡಿದರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರಬಹುದು ಎಂದರು. ಎಲ್ಲರೂ ಬರೆದುಕೊಂಡರು. ನಾನು ನೀರು ಕುಡಿಯುವ ನೆಪ ಹೇಳಿ ಹೊರಗೆ ಹೋದೆ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ನಮ್ಮ ಓಣಿಯಲ್ಲಿ ಅದನ್ನು ‘ಪಾಪ, ತಾಯಿ ಅಂದ್ರ ಹಿಂಗಿರಬೇಕು’ ಎನ್ನುತ್ತಾರೆ.

ನಿಮಗೆ ಸಾಕ್ಷಿ ಬೇಕು. ಸಾಕ್ಷಿ ನಾನೇ. ನಮ್ಮ ಮನೆಯ ಮೊದಲ ರೋಗಿ ನಾನು. ಐದನೆಯ ತರಗತಿಯವರೆಗೆ ಶಾಲೆಯಲ್ಲಿದ್ದುದಕ್ಕಿಂತ ಬಳ್ಳಾರಿಯ ಆಸ್ಪತ್ರೆಗಳಲ್ಲಿ ಇದ್ದದ್ದೇ ಹೆಚ್ಚು. ಬೆಳಿಗ್ಗೆ ಅಮ್ಮ ಹಿತ್ತಾಳೆ ಲೋಟದಲ್ಲಿ ಕಷಾಯ ಕೊಡುತ್ತಿದ್ದಳು. ಮಧ್ಯಾಹ್ನದೊಳಗೆ ವಾಂತಿ. ವಾಂತಿ ನಿಲ್ಲಲಿ ಎಂದು ಇನ್ನೊಂದು ಲೋಟ. ಬಳ್ಳಾರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿಕೊಂಡು ಮಗ್ಗಿ ಹೇಳಿಸುವ ಹಾಗೆ ಹೇಳಿಸುತ್ತಿದ್ದಳು: ಉಂಡ ಮೇಲೆ ನೋವು, ಬಲಗಡೆ ನೋವು, ಮಲಗಿದರೆ ಹೆಚ್ಚು. ನಾನು ಎಡಗಡೆ ಎಂದರೆ ತೊಡೆ ಚಿವುಟುತ್ತಿದ್ದಳು. ಅಷ್ಟೆಲ್ಲ ಕಲಿತು ಹೋದರೂ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಗಡಿಯಾಚೆ ಆಂಧ್ರದಿಂದ ಬಂದವರೆಂದು ಡಾಕ್ಟರು ತೆಲುಗಿನಲ್ಲಿ ಅಮ್ಮನನ್ನು ಕೇಳುತ್ತಿದ್ದರು, ಅಮ್ಮ ತೆಲುಗಿನಲ್ಲಿ ಹೇಳುತ್ತಿದ್ದಳು. ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು ಎಂದು ನನಗೆ ಹೇಳಿಕೊಟ್ಟಿದ್ದರು. ಒಳ್ಳೆಯ ನಡತೆಗೆ ಶಾಲೆಯಲ್ಲಿ ಬಹುಮಾನವನ್ನೂ ಕೊಟ್ಟಿದ್ದರು.

ಆಮೇಲೆ ಮಡಕಶಿರಾ ಕಡೆಯ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ರೋಗಿ ಮಗಳನ್ನು ಅಷ್ಟು ದೂರ ಬಿಟ್ಟರೆ ಉಳಿಯುವುದಿಲ್ಲ ಎಂದು ಅಮ್ಮ ಅತ್ತಳು. ಅಪ್ಪ, ಜೀನ್ಸ್ ಹೊಲಿಸುವ ಅಂಗಡಿಯ ಮೆಷಿನ್ನುಗಳ ಸದ್ದಿನಲ್ಲಿ ಏನೂ ಕೇಳಿಸದೆಯೋ ಏನೋ, ಕಳಿಸಿಯೇ ಬಿಟ್ಟರು. ಅಮ್ಮ ದೊಡ್ಡ ಬಾಟಲಿಯಲ್ಲಿ ಕಷಾಯ ತುಂಬಿಕೊಂಡು ಬಂದಳು. ಹಾಸ್ಟೆಲಿನ ಗೇಟಿನಲ್ಲಿ ಬೊಮ್ಮಕ್ಕ ಎಂಬ ಆಯಾ ಕೂತಿದ್ದರು.

“ಅದೇನಮ್ಮ ಬಾಟ್ಲಿ?”

“ಔಷಧ ಐತ್ರಿ. ಇದಿಲ್ಲದಿದ್ರ ನನ್ನ ಮಗಳು ಬದುಕಂಗಿಲ್ಲ.”

“ಮನೆ ತಿಂಡಿ, ಮನೆ ಔಷ್ದಿ ಒಳೀಕೆ ಬಿಡಂಗಿಲ್ಲ ಅಂತ ಬೋರ್ಡೈತೆ, ಓದ್ಕಳಮ್ಮ. ನಾಳೀಕೆ ಯಾರ್ದಾನ ಹೊಟ್ಟೆ ಕೆಟ್ರೆ ನನ್ ಕೆಲ್ಸ ಓಯ್ತದೆ.”

ಅಮ್ಮ ಹೊರಟ ಮೇಲೆ ಬೊಮ್ಮಕ್ಕ ಬಾಟಲಿಯನ್ನು ನುಗ್ಗೆ ಗಿಡದ ಬುಡಕ್ಕೆ ಸುರಿದರು. ಅವರಿಗೆ ನಮ್ಮ ಮನೆಯ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಬೋರ್ಡ್ ಇತ್ತು, ಅಷ್ಟೇ. ಆ ಟರ್ಮಿನಲ್ಲಿ ನಾನು ಒಮ್ಮೆಯೂ ವಾಂತಿ ಮಾಡಲಿಲ್ಲ. ಅದೂ ಹಾಸ್ಟೆಲಿನ ಸಾಂಬಾರು ಉಂಡು. ಆ ಸಾಂಬಾರನ್ನು ನೀವು ನೋಡಿಲ್ಲ, ನೋಡಿದ್ದರೆ ಇದೊಂದೇ ಸಾಕ್ಷಿ ಸಾಕಾಗುತ್ತಿತ್ತು. ರಜೆಗೆ ಮನೆಗೆ ಹೋದಾಗ ಮತ್ತೆ ಹಾಸಿಗೆ ಹಿಡಿದೆ. ಹಾಸ್ಟೆಲಿಗೆ ವಾಪಸ್ ಬಂದೆ, ವಾಸಿಯಾದೆ. ಪ್ರತಿ ರಜೆಯೂ ಹೀಗೇ. ಮಗಳಿಗೆ ರಾಯದುರ್ಗದ ನೀರು ಆಗಿಬರುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಪಾಪ, ನೀರಿಗೆ ಬಾಯಿಲ್ಲ.

ಹತ್ತನೆಯ ತರಗತಿಗೆ ಬಂದ ಮೇಲೆ ಸ್ಪೆಷಲ್ ಕ್ಲಾಸುಗಳಿಂದಾಗಿ ರಜೆಗೂ ಊರಿಗೆ ಹೋಗಲಿಲ್ಲ. ಮನೆಯಲ್ಲಿ ರೋಗಿಯ ಜಾಗ ಖಾಲಿಯಾಯಿತು. ಅಲ್ಲಿಯವರೆಗೆ ಕಲ್ಲು ತಿಂದು ಕರಗಿಸುವ ಹಾಗಿದ್ದ ತಂಗಿಗೆ ಆ ವರ್ಷವೇ ವಾಂತಿ ಶುರುವಾಯಿತು. ಅದೇ ಹಿತ್ತಾಳೆ ಲೋಟ.

ಈ ಸಲ ಸಂಕ್ರಾಂತಿ ರಜೆಯಲ್ಲಿ ನಾನು ಊರಿನಲ್ಲಿದ್ದೆ. ಕಣೇಕಲ್ಲಿನಲ್ಲಿ ನಮ್ಮ ಮಾವ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಅಮ್ಮ ಅವಸರದಲ್ಲಿ ತವರಿಗೆ ಹೋಗಬೇಕಾಯಿತು. ಅವಳಿಲ್ಲದಷ್ಟು ದಿನ ತಂಗಿ ಮಂಡಕ್ಕಿ ಒಗ್ಗರಣೆ ತಿಂದಳು, ಮಿರ್ಚಿ ತಿಂದಳು, ಬೀದಿಯಲ್ಲಿ ಕುಂಟೆಬಿಲ್ಲೆ ಆಡಿದಳು. ಏನೂ ಆಗಲಿಲ್ಲ. ಅಮ್ಮ ಬಂದ ಮರುದಿನ ಮಗು ನೆಲಕ್ಕೆ ಬಿತ್ತು. “ನಾ ಇಲ್ಲದಾಗ ಕೂಸಿನ ಹೊಟ್ಟಿ ಕೆಡಿಸಿಟ್ಟೀರಿ” ಎಂದು ಅಮ್ಮ ನಮ್ಮನ್ನೇ ಬೈದಳು. ಪಕ್ಕದ ಮನೆಯ ಬಸವರಾಜೇಶ್ವರಿ ಅತ್ತೆ, “ಆಕಿ ಒಂದು ದಿನ ಮನಿ ಬಿಟ್ರ ಈ ಕೂಸು ಉಳಿಯಂಗಿಲ್ಲ ನೋಡ್ರಿ” ಎಂದರು. ಮಾರನೆಯ ಬೆಳಿಗ್ಗೆ ನಾನು ಆ ಲೋಟಕ್ಕೆ ಕೈ ಹಾಕಿ, ನನಗೂ ಒಂದು ಗುಟುಕು ಕೊಡು ಎಂದೆ. ಅಮ್ಮ ಲೋಟ ಕಸಿದುಕೊಂಡಳು. “ನಿನಗ್ಯಾಕ? ನೀ ಆರಾಮ ಅದಿಯಲ್ಲ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಬೇಸರವಿತ್ತು.

ಕಷಾಯದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವವರು ಇರುತ್ತಾರೆ ಎಂದುಕೊಂಡೇ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು. ಅಲ್ಲಿ ನಡೆದದ್ದನ್ನು ಓದುಗರ ತಿಳಿವಳಿಕೆಗಾಗಿ ಬರೆಯುತ್ತೇನೆ. ನಿಮ್ಮ ಗುಮಾಸ್ತ ಯರ್ರಿಸ್ವಾಮಿಯವರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

“ಮೈನರ್ ಕೇಸಿಗೆ ತಂದಿತಾಯಿ ಸಹಿ ಬೇಕಮ್ಮ.”

“ಸಾರ್, ಕಂಪ್ಲೇಂಟೇ ತಾಯಿ ಮೇಲೆ.”

“ಹಂಗಾದ್ರ ಇನ್ನೂ ಚಲೋ ಆತಲ್ಲ. ಅವರನ್ನ ಕರ್ಕೊಂಡು ಬಾ, ಇಲ್ಲೇ ಸಹಿ ಮಾಡಿಸೋಣ.”

“ಅವರು ಮಾಡಲ್ಲ ಸಾರ್.”

“ಮಾಡ್ತಾರ, ಮಾಡ್ತಾರ. ಬಂಗಾರದಂಥ ಹೆಣ್ಮಗಳು. ಮೊನ್ನಿ ಶಾಲು ಹಾಕಿದ್ವಲ್ಲ!”

ಅಪ್ಪನ ಸಹಿ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುತ್ತದೆ ಎಂದರು. ಅಂಗಡಿಗೆ ಫೋನ್ ಮಾಡಿದೆ. “ಆಸ್ಪತ್ರಿ ವಿಷಯ ನಿಮ್ಮಮ್ಮಂದು, ನನಗ ಗೊತ್ತಾಗಂಗಿಲ್ಲ” ಎಂದು ಅಪ್ಪ ಇಟ್ಟುಬಿಟ್ಟರು. ಅಷ್ಟರಲ್ಲಿ ಯರ್ರಿಸ್ವಾಮಿಯವರು ಅಮ್ಮನಿಗೇ ಫೋನ್ ಮಾಡಿ ಆಗಿತ್ತು. ಸನ್ಮಾನಿತರ ನಂಬರು ಹತ್ತಿರದಲ್ಲೇ ಇತ್ತು. ಅಮ್ಮ ಆಟೊ ಹಿಡಿದು ಬಂದಳು. ನೀವು ಅವಳನ್ನು ಒಳಗೆ ಕರೆಸಿ ಕುರ್ಚಿ ಹಾಕಿಸಿದಿರಿ. ನಾನು ನಿಂತಿದ್ದೆ. ಅಮ್ಮ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಿಮಗೆ ಹೇಳಿದಳು: “ದೊಡ್ಡಾಕಿಗೂ ಸಣ್ಣಾಕಿದ್ದಾಗ ಭಾಳ ಕಾಯಿಲೆ ಇತ್ರಿ ಸಾರ್. ಎಲ್ಲಾ ಕಡಿ ತೋರಿಸೀನಿ. ಈಗ ಓದಿ ಓದಿ ತಲಿಗೆ ಹತ್ತೇತಿ ಅನ್ನಸತೈತಿ. ಇದಕ್ಕ ಯಾವ ಡಾಕ್ಟರು ಚಲೋ ಅದಾರ, ನೀವ ಹೇಳ್ರಿ.”

ನೀವು ಹೇಳಿದಿರಿ. ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ತಾಯಿಯ ಪ್ರೀತಿ ನನಗೆ ಸಿಕ್ಕಿಲ್ಲ, ತಂಗಿಗೆ ಸಿಗುವುದನ್ನು ಕಂಡು ಹೊಟ್ಟೆ ಉರಿಯುತ್ತಿದೆ ಎಂದು ವಿವರಿಸಿದಿರಿ. ಮಾನಸಿಕ ತಜ್ಞರಿಗೆ ನನ್ನನ್ನು ತೋರಿಸಲು ಚೀಟಿ ಬರೆದುಕೊಟ್ಟಿರಿ. ತಂಗಿಯ ಬಗ್ಗೆ ದೂರು ಕೊಡಲು ಹೋದವಳು ರೋಗಿಯಾಗಿ ಹೊರಗೆ ಬಂದೆ. ಅಮ್ಮನಿಗೆ ಇಷ್ಟು ಬೇಗ ಯಾವ ಡಾಕ್ಟರೂ ಚೀಟಿ ಬರೆದುಕೊಟ್ಟದ್ದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ನನಗೆ ಬಾಳೆಹಣ್ಣು ಕೊಡಿಸಿದಳು. ಹಣೆ ಮುಟ್ಟಿ ನೋಡಿ, “ಮೈ ಸ್ವಲ್ಪ ಬೆಚ್ಚಗೈತಿ ನೋಡವ್ವ” ಎಂದಳು. ಆ ದನಿಯಲ್ಲಿದ್ದ ಪ್ರೀತಿ ಸುಳ್ಳಲ್ಲ ಸಾರ್. ನನಗೆ ಹೆದರಿಕೆಯಾಗುವುದು ಅದಕ್ಕೇ.

ಅಮ್ಮ ಕೆಟ್ಟವಳು ಎಂದು ನಿಮ್ಮನ್ನು ನಂಬಿಸುವುದು ನನ್ನ ಉದ್ದೇಶವಲ್ಲ. ಮನೆಯಲ್ಲಿ ಅವಳಿಗೆ ಕೂರಲು ಕುರ್ಚಿಯಿಲ್ಲ. ಎರಡು ಕುರ್ಚಿಗಳಿವೆ, ಒಂದು ಅಪ್ಪನದು, ಇನ್ನೊಂದು ಬಂದವರದು. ಅಪ್ಪ ಅವಳನ್ನು ‘ಏ ಇಕಿ’ ಎಂದು ಕರೆಯುತ್ತಾರೆ. ಆಸ್ಪತ್ರೆಯವರು ಮಾತ್ರ ಕೂತ್ಕೊಳ್ಳಮ್ಮ ಎನ್ನುತ್ತಾರೆ, ಹೆಸರು ಕೇಳುತ್ತಾರೆ, ಅವಳು ಮಾತಾಡಿ ಮುಗಿಸುವವರೆಗೆ ದೊಡ್ಡ ಡಾಕ್ಟರು ಪೆನ್ನು ಹಿಡಿದು ಕಾಯುತ್ತಾರೆ. ಆ ಕುರ್ಚಿಗೆ ಟಿಕೆಟ್ಟು ಮಾತ್ರ ನಮ್ಮ ಹೊಟ್ಟೆಯಿಂದ ಹೋಗುತ್ತದೆ. ಶಾಲು ಹೊದ್ದು ಮನೆಗೆ ಬಂದ ದಿನ ಅವಳು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: “ಸಾಹೇಬ್ರು ನನ್ನ ಹೆಸರು ಹಿಡದು ಕರದ್ರು.” ಮಗಳು ಹುಷಾರಾಗಿದ್ದರೆ ನೀವು ಕರೆಯುತ್ತಿದ್ದಿರಾ? ಹುಷಾರಾಗಿರುವ ಮಕ್ಕಳ ತಾಯಂದಿರಿಗೆ ನಿಮ್ಮಲ್ಲಿ ಯಾವ ಶಾಲು ಇದೆ? ಅಮ್ಮನಿಗೂ ಒಬ್ಬ ಡಾಕ್ಟರು ಬೇಕು. ನನಗೆ ಕೊಟ್ಟ ಚೀಟಿ ಇನ್ನೂ ಹೊಸದಾಗಿಯೇ ಇದೆ, ಹೆಸರು ತಿದ್ದಿದರೆ ಸಾಕು.

ನನ್ನ ಎಣಿಕೆ ತಪ್ಪಾಗಿದ್ದರೆ ಎಂದು ನಾನೂ ಹೆದರುತ್ತೇನೆ. ಉಣ್ಣುವಾಗ ಹೆದರುತ್ತೇನೆ, ಪಾಠ ಕೇಳುವಾಗ ಹೆದರುತ್ತೇನೆ. ತಂಗಿಗೆ ನಿಜವಾಗಿಯೂ ಕಾಯಿಲೆ ಇದ್ದು, ನನ್ನ ಮಾತಿನಿಂದ ಅವಳ ಚಿಕಿತ್ಸೆ ತಪ್ಪಿಹೋದರೆ? ಆದ್ದರಿಂದ ಚಿಕಿತ್ಸೆ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅವಳನ್ನು ಆಸ್ಪತ್ರೆಯಲ್ಲೇ ಇರಿಸಿ. ಅಮ್ಮ ಬಾಗಿಲಿನಿಂದಾಚೆ ಇರಲಿ, ಮನೆಯ ಊಟ, ಮನೆಯ ಔಷಧ ಒಳಗೆ ಬಾರದಿರಲಿ. ಕತ್ತಿ ಹಿಡಿಯುವ ಮೊದಲು ಎರಡು ವಾರ ಹೀಗೆ ನೋಡಿ. ಆಗಲೂ ವಾಂತಿ ನಿಲ್ಲದಿದ್ದರೆ ನಾನು ಅದೇ ಕಲ್ಯಾಣಮಂಟಪದಲ್ಲಿ, ಅದೇ ಮೈಕಿನ ಮುಂದೆ, ಅಮ್ಮನ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ನಿಮ್ಮ ಚೀಟಿಯ ಡಾಕ್ಟರ ಹತ್ತಿರವೂ ಹೋಗುತ್ತೇನೆ. ಇದು ದೊಡ್ಡ ವಿಜ್ಞಾನವಲ್ಲ ಮಾನ್ಯರೇ, ಒಂದು ಹಾಸ್ಟೆಲ್ ಗೇಟಿನ ಬೋರ್ಡು ಮಾಡಿದ ಕೆಲಸ. ನಿಮ್ಮ ಇಲಾಖೆಗೆ ಅದು ಸಾಧ್ಯವಾಗದೆ?

ಇನ್ನೊಂದು ಕೇಳಬೇಕು. ಹೋದ ಭಾನುವಾರ ಅಪ್ಪನ ಫೋನಿನಲ್ಲಿ ತಂಗಿ ಸಿಕ್ಕಳು. ಹೇಗಿದ್ದೀಯ ಎಂದೆ. “ಉಂಡ ಮ್ಯಾಲೆ ನೋವು, ಬಲಗಡೆ ನೋವು, ಮಲಗಿದ್ರ ಹೆಚ್ಚು” ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ನನ್ನ ಮಗ್ಗಿ, ಒಂದು ಪದವೂ ಬದಲಾಗಿಲ್ಲ. ಆಗ ಅವಳು ದನಿ ಇಳಿಸಿ ಕೇಳಿದಳು: “ಅಕ್ಕ, ಸರಿಯಾಗಿ ಹೇಳಿದ್ನಾ?”

ಆದ್ದರಿಂದ ಸೋಮವಾರದೊಳಗೆ ನೀವೇ ಹೋಗಿ, ಅಮ್ಮನನ್ನು ಹೊರಗೆ ಕೂರಿಸಿ, ದಯವಿಟ್ಟು ಕುರ್ಚಿಯ ಮೇಲೆಯೇ ಕೂರಿಸಿ, ತಂಗಿಯ ಹತ್ತಿರ ಒಬ್ಬರೇ ಮಾತಾಡಿ. ಹೊಟ್ಟೆ ಹೇಗಿದೆ ಎಂದು ಕೇಳಬೇಡಿ, ಅದಕ್ಕೆ ಉತ್ತರ ಅವಳಿಗೆ ಬಾಯಿಪಾಠ. ಅಮ್ಮ ಕಣೇಕಲ್ಲಿಗೆ ಹೋಗಿದ್ದಾಗ ಏನು ಆಟ ಆಡಿದೆ ಎಂದು ಕೇಳಿ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಂತಿ,
ಹಾಸ್ಟೆಲ್ ಸಾಂಬಾರಿನಿಂದ ವಾಸಿಯಾದ,
ನಿಮ್ಮ ಚೀಟಿಯ ಪ್ರಕಾರ ತಲೆ ಕೆಟ್ಟಿರುವ,
ಆದರ್ಶ ತಾಯಿಯ ಹಿರಿಯ ಮಗಳು