ರೊಟ್ಟಿ ಬುಟ್ಟಿ ಮುದಕವ್ವನ ಮನ್ಯಾಗ ಐತಿ

ಏನ್ರಿ,

ನಾನು ಘೋಡಗೇರಿಗೆ ನಮ್ಮವ್ವನ ಕಡೆ ಹೊಂಟೇನಿ, ನಾಡಿದ್ದ ಬರ್ತೇನಿ. ಇವತ್ತ ಸಂಜಿಗೆ ಮೂಡಲಗಿಯಿಂದ ನಿಮ್ಮ ಅಕ್ಕಾರು, ಮಾಮಾರು ಊಟಕ್ಕ ಬರೋದು ನನಗ ಗೊತ್ತೈತಿ. ಗೊತ್ತಿದ್ದ ಹೊಂಟೇನಿ.

ಎಣ್ಣಿಗಾಯಿ ಒಲಿ ಮ್ಯಾಲ ಐತಿ, ಮೊಸರು ಫ್ರಿಜ್‌ನ್ಯಾಗ ಐತಿ. ರೊಟ್ಟಿ ಹುಡುಕಬ್ಯಾಡ್ರಿ. ಮುದಕವ್ವ ಮುಂಜಾನೆ ಬಂದು ಬಡದಿಟ್ಟ ಇಪ್ಪತ್ತೈದು ರೊಟ್ಟಿನೂ ಬುಟ್ಟಿ ಸಮೇತ ಆಕಿ ಮನಿಗೇ ಕಳಿಸೇನಿ.

ಎರಡು ತಿಂಗಳಾತು, ಆಕಿ ತನ್ನ ಪಗಾರ ಕೇಳಾಕತ್ತಾಳ. ಮಂಗಳವಾರ ಕೇಳಿದ್ರ ಇವತ್ತ ರೊಕ್ಕ ಕೊಡಬಾರದು ಅಂದ್ರಿ. ಶುಕ್ರವಾರನೂ ಹಂಗ ಅಂದ್ರಿ. ಮೊನ್ನಿ ಸಂಜಿಗೆ ಚಪ್ಪಲಿ ಬಿಡೋ ಜಾಗಾದಾಗ ನಿಂತು, "ಯಜಮಾನರ, ಮೊಮ್ಮಗಳ ಸಾಲಿ ಫೀ ತುಂಬಬೇಕ್ರಿ" ಅಂತ ಮೆಲ್ಲಕ ಅಂದ್ಲು. ನೀವು ಓಣಿ ಮಂದಿಗೆಲ್ಲ ಕೇಳೂಹಂಗ, "ದೀಪ ಹಚ್ಚಿದ ಮ್ಯಾಲ ಯಾರರ ಲಕ್ಷ್ಮೀನ ಹೊರಗ ಕಳಸ್ತಾರೇನ? ನಾಳಿ ಬಾ" ಅಂತ ಒದರಿದ್ರಿ. ಆಮ್ಯಾಲ ಅದ ದೀಪದ ಮುಂದ ಕುಂತು ಮೊಬೈಲಿಗೆ ರೀಚಾರ್ಜ್ ಮಾಡ್ಕೊಂಡ್ರಲ್ಲ, ಆಗ ಲಕ್ಷ್ಮೀ ಎಲ್ಲಿದ್ಲು?

ತಿಜೋರಿ ಕೀಲಿ ನಿಮ್ಮ ಕಿಸೆದಾಗ ಐತಿ. ಎರಡೂ ತಿಂಗಳ ಪಗಾರ ತಗೊಂಡು ನೀವ ಹೋಗ್ರಿ. ಮಂದಿ ಕೈಯಾಗ ಕಳಿಸಿದ್ರ ಬುಟ್ಟಿ ಕೊಡಬ್ಯಾಡ ಅಂತ ಹೇಳೇನಿ. ಆಕಿ ಮನ್ಯಾಗೂ ಚಪ್ಪಲಿ ಬಿಡೋ ಜಾಗಾ ಐತಿ, ಅಲ್ಲೇ ನಿಂತು ಮೆಲ್ಲಕ ಕೇಳ್ರಿ.

ಹೊತ್ತು ಮುಳುಗೂದರಾಗ ಹೋಗ್ರಿ ಮತ್ತ. ದೀಪ ಹಚ್ಚಿದ ಮ್ಯಾಲ ಮನ್ಯಾಗಿನ ರೊಟ್ಟಿ ಹೊರಗ ಕೊಡಬಾರದು ಅಂತ ಆಕಿಗೆ ಕಲಿಸಿಟ್ಟೇನಿ.

ರಾಜೇಶ್ವರಿ