ಸಮಾರಂಭದ ದಿನಕ್ಕೆ ಹುಟ್ಟಿದ ಆಮೆಗಳು

ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಗೊತ್ತುಮಾಡಿದ ದಿನಾಂಕಕ್ಕೆ ಸರಿಯಾಗಿ ಆಮೆಮರಿಗಳು ಮೊಟ್ಟೆಯೊಡೆದು ಬಂದವು. ನನ್ನ ದೂರು ಇರುವುದೇ ಅದರ ಮೇಲೆ.

ನದಿದಂಡೆಯ ಆಮೆ ಕೇಂದ್ರದ ಮೊಟ್ಟೆಕೋಣೆಯನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ತಾವು ಒಮ್ಮೆಯೂ ಒಳಗೆ ಕಾಲಿಡದ ಕಾರಣ ವಿವರಿಸುತ್ತೇನೆ: ಹತ್ತಡಿ ಅಗಲದ ಕೋಣೆ, ಗೋಡೆಗೊತ್ತಿ ನಿಂತ ಎರಡು ಕಾವುಪೆಟ್ಟಿಗೆ, ಒದ್ದೆ ಮರಳಿನ ತಟ್ಟೆಗಳಲ್ಲಿ ಅರವತ್ತನಾಲ್ಕು ಮೊಟ್ಟೆ. ಮೊಟ್ಟೆಯೊಳಗಿರುವುದು ಗಂಡೋ ಹೆಣ್ಣೋ ಎಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಕಾವಿನ ನಡುವಿನ ದಿನಗಳ ಬಿಸಿ ಅದನ್ನು ತೀರ್ಮಾನಿಸುತ್ತದೆ. ನಮ್ಮ ಈ ಜಾತಿಯಲ್ಲಿ ಇಪ್ಪತ್ತೊಂಬತ್ತು ಡಿಗ್ರಿಯಾದರೆ ಎರಡೂ ಹುಟ್ಟುತ್ತವೆ. ಮೂರು ಡಿಗ್ರಿ ಏರಿದರೆ ಹೆಣ್ಣು ಮಾತ್ರ. ಇನ್ನೂ ಏರಿದರೆ ಮೈಯೇ ಸೊಟ್ಟಗಾಗುತ್ತದೆ. ಕೇಂದ್ರದ ಕೊಳದಲ್ಲಿ ಉಳಿದಿರುವುದು ಒಂದೇ ಗಂಡು, ಅದೂ ಮುದಿ. ಗಂಡುಮರಿಗಾಗಿ ನಾವು ದಿನವೆಣಿಸುತ್ತಿದ್ದೆವು.

ಕಾವಿಗಿಟ್ಟ ಇಪ್ಪತ್ತೈದನೆಯ ದಿನ ನಿಮ್ಮ ಫೋನು ಬಂತು.

“ಮರಿಗಳನ್ನ ನೀರಿಗೆ ಬಿಡೋ ಕಾರ್ಯಕ್ರಮ ಮುಂದಿನ ತಿಂಗಳು ಇಪ್ಪತ್ತಕ್ಕೆ ಫಿಕ್ಸ್ ಆಗಿದೆ. ಅಷ್ಟರೊಳಗೆ ಮರಿ ಆಚೆ ಬರ್ಬೇಕು.”

“ಸರ್, ಇನ್ನೂ ಐವತ್ತು ದಿನ ಬೇಕು.”

“ಬಿಸಿ ಏರಿಸಿದ್ರೆ ಬೇಗ ಬರುತ್ತೆ ಅಂತ ಹೋದ ವರ್ಷದ ವರದೀಲಿ ನೀವೇ ಬರ್ದಿದೀರಲ್ಲಮ್ಮ?”

“ಬರ್ದಿದೀನಿ ಸರ್. ಏರಿಸಬಾರದು ಅಂತಾನೂ ಅದರ ಕೆಳಗೇ ಬರ್ದಿದೀನಿ.”

“ಅಲ್ಲೀತನಕ ಓದೋಕೆ ಯಾರಿಗಮ್ಮ ಪುರುಸೊತ್ತು? ಆರ್ಡರ್ ಕಳಿಸ್ತೀನಿ.”

ಕೊಳದ ಪಂಪು ಕೆಟ್ಟಿದೆಯೆಂದು ನಾನು ಬರೆದ ಪತ್ರಕ್ಕೆ ಹನ್ನೊಂದು ತಿಂಗಳಾದರೂ ಉತ್ತರವಿಲ್ಲ. ಈ ಆರ್ಡರಿಗೆ ಮಾತ್ರ ರೆಕ್ಕೆ ಬಂದಿತ್ತು. ಮೂವತ್ತನಾಲ್ಕು ಡಿಗ್ರಿ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿತ್ತು. ನಮ್ಮ ಪಶುವೈದ್ಯರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನೂ ಒಂದು ಪತ್ರ ಬರೆದು ನೋಡ್ತೀನಮ್ಮ. ಆದ್ರೆ ನಿಮ್ಮದು ಗುತ್ತಿಗೆ ಕೆಲಸ, ನನಗೆ ನಿವೃತ್ತಿ ಹತ್ರ. ನಮ್ಮ ಮಾತು ಎಲ್ಲಿ ನಡೆಯುತ್ತೆ?” ಎಂದರು. ಆ ಪತ್ರದ ಉತ್ತರಕ್ಕೆ ಮೂರು ದಿನ ಕಾದೆವು, ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬಿಸಿಯ ಗುಂಡಿಯನ್ನು ನನ್ನ ಕೈಯಾರೆ ತಿರುಗಿಸಿದೆ. ಬೇರೆಯವರ ತಲೆಗೆ ಕಟ್ಟಲು ನನಗೂ ಆಸೆಯೇ. ಏನು ಮಾಡುವುದು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸಮಾರಂಭಕ್ಕೆ ಎರಡು ದಿನ ಮೊದಲು ನಲವತ್ತೊಂದು ಮರಿ ಬಂದವು; ಮಿಕ್ಕ ಮೊಟ್ಟೆಗಳು ಒಡೆಯಲೇ ಇಲ್ಲ. ಹನ್ನೊಂದು ಅಂದೇ ಸತ್ತವು. ವೈದ್ಯರು ಕೊಯ್ದು ನೋಡಿದರು, ಹನ್ನೊಂದೂ ಹೆಣ್ಣು. ಉಳಿದವುಗಳಲ್ಲಿ ಕೆಲವಕ್ಕೆ ಬಾಲ ಸುರುಳಿ, ಕೆಲವಕ್ಕೆ ಚಿಪ್ಪು ಸೊಟ್ಟ. ತಾವು ಕ್ಯಾಮೆರಾ ಮುಂದೆ ಎತ್ತಿ ಹಿಡಿದ ಮರಿಗೆ ಒಂದು ಕಣ್ಣಿರಲಿಲ್ಲ. ಕಣ್ಣಿರುವ ಮಗ್ಗುಲು ಮುಂದೆ ಬರುವಂತೆ ಕೊಡಲು ನನಗೆ ಸೂಚನೆಯಿತ್ತು. ಕೊಟ್ಟೆ. ಚಪ್ಪಾಳೆ ಬಿತ್ತು. ನೀರಿಗೆ ಬಿಟ್ಟ ಮೇಲೆ ಅದು ಮುಳುಗಲಾರದೆ ನಿಂತಲ್ಲೇ ಗಿರಗಿರನೆ ಸುತ್ತತೊಡಗಿತು. “ಡ್ಯಾನ್ಸ್ ಮಾಡ್ತಿದೆ ನೋಡಿ!” ಎಂದು ತಾವು ನಕ್ಕಿರಿ. ನಾನೂ ನಕ್ಕೆ.

ಈಗ ನಿಮ್ಮ ನೋಟಿಸು ಬಂದಿದೆ: ಗಂಡುಮರಿಗಳ ಗುರಿ ತಲುಪದಿರಲು ಕಾರಣವೇನು, ಏಳು ದಿನದೊಳಗೆ ಉತ್ತರಿಸತಕ್ಕದ್ದು. ಏನೆಂದು ಉತ್ತರಿಸಲಿ? ಮೊಟ್ಟೆಗಳು ಶಿಸ್ತು ಉಲ್ಲಂಘಿಸಿದವೆಂದೇ?

ನನ್ನ ಬೇಡಿಕೆ ಒಂದೇ. ಮೊದಲು ಮರಿ ಬರಲಿ, ಆಮೇಲೆ ದಿನಾಂಕ ಗೊತ್ತುಮಾಡಿ. ಇದನ್ನು ಬರವಣಿಗೆಯಲ್ಲಿ ಕೊಡಿ. ಕೊಡುವಿರೆಂಬ ಭರವಸೆ ನನಗಿಲ್ಲ. ಇವತ್ತು ಬೆಳಿಗ್ಗೆ ಹೆಣ್ಣಾಮೆಯೊಂದು ದಂಡೆಯ ಮರಳು ಕೆದರಿ ಹದಿನೇಳು ಮೊಟ್ಟೆಯಿಟ್ಟಿದೆ. ತಂದು ಪೆಟ್ಟಿಗೆಗಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ತಾವು ಫೋನು ಮಾಡಿದರೆ ಎತ್ತಲೇಬಾರದು ಎಂದುಕೊಂಡಿದ್ದೇನೆ. ಎತ್ತುತ್ತೇನೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಇಂತಿ,
ಹೇಳಿದ ಮಾತು ಕೇಳಿ ಕೆಟ್ಟ
ಮೊಟ್ಟೆಕೋಣೆಯ ಗುತ್ತಿಗೆ ಕೆಲಸದವಳು